ಮುತ್ತಿನ ನದಿಯ ಬಂದರು ಕ್ಯಾಂಟನ್

ಚೀನಾ ಪ್ರವಾಸ ಎಂದೊಡನೆ ನಮ್ಮವರಿಗೆ ನೆನಪಾಗುವುದು ಬೀಜಿಂಗಿನ ಅರಮನೆ, ಮಹಾಗೋಡೆ, ಇಲ್ಲವೇ ಶಾಂಘೈನ ಗಗನಚುಂಬಿ ಕಟ್ಟಡಗಳು. ದಕ್ಷಿಣದ ಗುವಾಂಗ್‌ಝೌ ಪಟ್ಟಿಯಲ್ಲಿ ಎಲ್ಲೋ ಕೊನೆಗೆ ಬರುತ್ತದೆ. ಬಂದರೂ ಸಾಮಾನು ಕೊಳ್ಳುವ ಊರಾಗಿ ಬರುತ್ತದೆಯೇ ಹೊರತು ನೋಡುವ ಊರಾಗಿ ಅಲ್ಲ. ಬೆಂಗಳೂರಿನ ಟೈಲ್ಸ್ ವ್ಯಾಪಾರಿ, ದೀಪದ ಅಂಗಡಿಯವರು, ಪೀಠೋಪಕರಣ ತರಿಸುವವರು ವಾರ ಕಾಲ ಅಲ್ಲಿದ್ದು, ಹೋಟೆಲು ಮತ್ತು ಮಳಿಗೆಗಳ ನಡುವೆ ಓಡಾಡಿ, ಊರಿನ ಮುಖವನ್ನೇ ನೋಡದೆ ವಿಮಾನ ಹತ್ತುವುದುಂಟು.

ಇದು ನಷ್ಟವೇ ಸರಿ. ಏಕೆಂದರೆ ಸಮುದ್ರದ ಹಾದಿಯಲ್ಲಿ ಭಾರತ ಮತ್ತು ಚೀನಾ ಒಂದನ್ನೊಂದು ಅತಿ ಹೆಚ್ಚು ಕಾಲ ಕಂಡದ್ದು ಈ ಬಂದರಿನಲ್ಲೇ. ನಮ್ಮಿಂದ ಅಲ್ಲಿಗೆ ಮೊದಲು ಹೋದವರಲ್ಲಿ ಸೂತ್ರಗ್ರಂಥ ಹೊತ್ತ ಭಿಕ್ಷುಗಳಿದ್ದರು. ಬಹುಕಾಲದ ಮೇಲೆ ಅಫೀಮಿನ ಪೆಟ್ಟಿಗೆಗಳು ಹೋದವು. ಅವುಗಳ ಬೆನ್ನಿಗೇ ಬ್ರಿಟಿಷರ ಸಮವಸ್ತ್ರ ತೊಟ್ಟ ಸಿಪಾಯಿಗಳು ಹೋದರು. ಈಗ ಆರ್ಡರ್ ಪುಸ್ತಕ ಹಿಡಿದ ವ್ಯಾಪಾರಿಗಳು ಹೋಗುತ್ತಿದ್ದಾರೆ. ಊರು ಇವರೆಲ್ಲರ ಗುರುತನ್ನೂ ಒಂದಲ್ಲ ಒಂದು ಕಡೆ ಉಳಿಸಿಕೊಂಡಿದೆ. ಆ ಗುರುತುಗಳನ್ನು ಹುಡುಕಿಕೊಂಡು ಹೋದರೆ ಮೂರು ದಿನ ಸರಿದದ್ದೇ ತಿಳಿಯುವುದಿಲ್ಲ.

ಊರು ಮತ್ತು ನದಿ

ಕ್ಯಾಂಟನ್ ಎಂಬುದು ಪಾಶ್ಚಾತ್ಯರು ಇಟ್ಟುಕೊಂಡಿದ್ದ ಹೆಸರು. ಗುವಾಂಗ್‌ಡಾಂಗ್ ಎಂಬ ಪ್ರಾಂತದ ಹೆಸರೇ ಅವರ ಬಾಯಲ್ಲಿ ಹೀಗಾಯಿತು. ನಗರದ ನಿಜ ಹೆಸರು ಗುವಾಂಗ್‌ಝೌ. ಇದು ಆ ಪ್ರಾಂತದ ರಾಜಧಾನಿ. ಹಾಂಗ್‌ಕಾಂಗಿನಿಂದ ವಾಯವ್ಯಕ್ಕೆ ಸುಮಾರು 120 ಕಿಲೋಮೀಟರ್. 2020ರ ಜನಗಣತಿಯಂತೆ ಜನಸಂಖ್ಯೆ 1.86 ಕೋಟಿಗೂ ಹೆಚ್ಚು. ಊರಿನ ನಡುವೆ ಹರಿಯುವ ನದಿಯ ಹೆಸರು ಝುಜಿಯಾಂಗ್, ಅಂದರೆ ಮುತ್ತಿನ ನದಿ. ಪಶ್ಚಿಮ, ಉತ್ತರ, ಪೂರ್ವ ಎಂಬ ಮೂರು ನದಿಗಳು ಬಂದು ಸೇರುವ ದೊಡ್ಡ ಮುಖಜಭೂಮಿಯ ತಲೆಯ ಮೇಲೆ ಊರು ಕುಳಿತಿದೆ. ಒಳನಾಡಿನ ಸರಕು ದೋಣಿಗಳಲ್ಲಿ ಇಳಿದು ಬರುತ್ತದೆ, ಸಮುದ್ರದ ಹಡಗು ಎದುರಿನಿಂದ ಏರಿ ಬರುತ್ತದೆ. ಎರಡೂ ಸಂಧಿಸುವ ಜಾಗ ಇದು. ಬಂದರಿಗೆ ಇನ್ನೇನು ಬೇಕು?

ಇನ್ನೊಂದು ಕಾರಣ ಮುಂಗಾರು. ಕಾರವಾರ, ಮಂಗಳೂರಿಗೆ ಮಳೆ ತರುವ ನೈಋತ್ಯ ಮಾರುತದ ಕಾಲದಲ್ಲೇ ಹಡಗುಗಳು ಪಟ ಬಿಚ್ಚಿ ಇಲ್ಲಿಗೆ ಬರುತ್ತಿದ್ದವು. ಚಳಿಗಾಲದ ಈಶಾನ್ಯ ಮಾರುತ ಹಿಡಿದು ವಾಪಸಾಗುತ್ತಿದ್ದವು. ಗಾಳಿ ತಿರುಗುವವರೆಗೆ ಕಾಯದೆ ಗತಿಯಿರಲಿಲ್ಲ. ಹಾಗಾಗಿ ಪರದೇಶದವರು ತಿಂಗಳುಗಟ್ಟಲೆ ಇಲ್ಲಿ ನೆಲಸಬೇಕಾಗುತ್ತಿತ್ತು. ಅರಬರು ಈ ಊರನ್ನು ಖಾನ್ಫು ಎಂದು ಕರೆಯುತ್ತಿದ್ದರು.

ಊರಿಗೆ ‘ಆಡುಗಳ ನಗರ’ ಎಂಬ ಅಡ್ಡಹೆಸರೂ ಇದೆ. ಬರಗಾಲದಲ್ಲಿ ಐವರು ದೇವತೆಗಳು ಐದು ಆಡುಗಳನ್ನೇರಿ ಬಂದು ಜನರಿಗೆ ಭತ್ತದ ತೆನೆ ಕೊಟ್ಟು ಮಾಯವಾದರಂತೆ, ಆಡುಗಳು ಕಲ್ಲಾದವಂತೆ. ಯುವೆಶ್ಯು ಉದ್ಯಾನದ ಗುಡ್ಡದ ಮೇಲಿರುವ ಐದು ಆಡುಗಳ ಶಿಲ್ಪದ ಮುಂದೆ ಫೋಟೋ ತೆಗೆಸಿಕೊಳ್ಳದೆ ಚೀನೀ ಪ್ರವಾಸಿಗರು ಕದಲುವುದಿಲ್ಲ. ಅದೇ ಉದ್ಯಾನದಲ್ಲಿ 1380ರಲ್ಲಿ ಕಟ್ಟಿದ ಐದು ಅಂತಸ್ತಿನ ಝೆನ್‌ಹಾಯ್ ಗೋಪುರವಿದೆ. ‘ಸಮುದ್ರವನ್ನು ಕಾಯುವ ಗೋಪುರ’ ಎಂದು ಹೆಸರು. ನಗರದ ವಸ್ತುಸಂಗ್ರಹಾಲಯ ಇರುವುದು ಅದರೊಳಗೆ.

ಹೋಗುವ ದಾರಿ

2020ರಲ್ಲಿ ನಿಂತುಹೋಗಿದ್ದ ಭಾರತ-ಚೀನಾ ನೇರ ವಿಮಾನ ಸಂಚಾರ 2025ರ ಅಕ್ಟೋಬರಿನಲ್ಲಿ ಮತ್ತೆ ಶುರುವಾದಾಗ ಮೊದಲ ವಿಮಾನ ಹಾರಿದ್ದು ಕೊಲ್ಕತ್ತದಿಂದ ಗುವಾಂಗ್‌ಝೌಗೆ. ಅದೇ ವರ್ಷದ ಜುಲೈಯಲ್ಲಿ ಭಾರತದಲ್ಲಿ ಚೀನೀಯರಿಗೆ ಪ್ರವಾಸದ ದಾರಿ ಸಲೀಸಾಗತೊಡಗಿತು. ವೀಸಾ ಮಾತ್ರ ಇಲ್ಲಿಂದಲೇ ಪಡೆದು ಹೋಗಬೇಕು. ಹಾಂಗ್‌ಕಾಂಗ್ ಮೂಲಕ ಹೋಗುವವರಿಗೆ 2018ರಿಂದ ಅತಿವೇಗದ ರೈಲಿದೆ. ಪಶ್ಚಿಮ ಕೌಲೂನಿನಲ್ಲಿ ಹತ್ತಿದರೆ ಸುಮಾರು ಒಂದು ಗಂಟೆಗೆ ಗುವಾಂಗ್‌ಝೌ ದಕ್ಷಿಣ ನಿಲ್ದಾಣ. ಆದರೆ ಭಾರತದ ಪಾಸ್‌ಪೋರ್ಟಿನವರು ಹಾಂಗ್‌ಕಾಂಗಿಗೆ ಕಾಲಿಡುವ ಮುನ್ನ ಅಂತರಜಾಲದಲ್ಲಿ ಹೆಸರು ನೋಂದಾಯಿಸಿರಬೇಕು ಎಂಬುದನ್ನು ಮರೆಯಬಾರದು.

ಅಕ್ಟೋಬರಿನಿಂದ ಡಿಸೆಂಬರ್ ಹಿತವಾದ ಕಾಲ. ಬೇಸಿಗೆಯ ಸೆಕೆ ನಮ್ಮ ಕರಾವಳಿಯದ್ದೇ. ಮೈ ಒಣಗುವುದಿಲ್ಲ, ಬಟ್ಟೆಯೂ ಒಣಗುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಟೈಫೂನ್ ಭಯವೂ ಇದೆ. ಊರೊಳಗೆ ಓಡಾಡಲು 1997ರಲ್ಲಿ ಆರಂಭವಾದ ಮೆಟ್ರೋ ರೈಲೇ ಸಾಕು. ನಿಲ್ದಾಣಗಳ ಹೆಸರು ರೋಮನ್ ಲಿಪಿಯಲ್ಲೂ ಇರುತ್ತದೆ.

ಮೊದಲ ದಿನ: ಭಿಕ್ಷುಗಳು ಇಳಿದ ದಂಡೆ

ಹಳೆಯ ಊರಿನ ಪಶ್ಚಿಮ ಭಾಗದಲ್ಲಿ, ಪಚ್ಚೆಕಲ್ಲು ಮಾರುವ ಅಂಗಡಿಗಳ ಗಲ್ಲಿಯಲ್ಲಿ ಹುವಾಲಿನ್ ದೇವಾಲಯವಿದೆ. ಆ ಪ್ರದೇಶಕ್ಕೆ ‘ಪಶ್ಚಿಮದಿಂದ ಬಂದವನು ಮೊದಲು ಇಳಿದ ಜಾಗ’ ಎಂಬ ಅರ್ಥದ ಹೆಸರು. ಬಂದವನು ಬೋಧಿಧರ್ಮ. ದಕ್ಷಿಣ ಭಾರತದಿಂದ, ಕಾಂಚಿಯಿಂದ ಎಂದು ಹೇಳುವವರೇ ಹೆಚ್ಚು, ಆರನೇ ಶತಮಾನದಲ್ಲಿ ಹಡಗಿನಲ್ಲಿ ಬಂದು ಇಲ್ಲಿ ಇಳಿದನೆಂದು ಪ್ರತೀತಿ. ಅಂದು ನದಿಯ ದಂಡೆ ಇಲ್ಲಿಯವರೆಗೂ ಇತ್ತಂತೆ. ಈಗ ನದಿ ಕಾಣಬೇಕಾದರೆ ಸಾಕಷ್ಟು ನಡೆಯಬೇಕು. ಚೀನಾದ ಚಾನ್, ಜಪಾನಿನ ಝೆನ್ ಪಂಥಗಳು ಇವನನ್ನು ಮೂಲಪುರುಷ ಎನ್ನುತ್ತವೆ. ‘ಧ್ಯಾನ’ ಎಂಬ ನಮ್ಮ ಶಬ್ದವೇ ಚಾನ್ ಆಗಿ, ಮುಂದೆ ಝೆನ್ ಆಯಿತು. ಒಳಗೆ ಐನೂರು ಅರ್ಹಂತರ ಸಭಾಂಗಣವಿದೆ. ಒಬ್ಬೊಬ್ಬರ ಮುಖವೂ ಬೇರೆ.

ಅಲ್ಲಿಂದ ಒಂದೆರಡು ಮೆಟ್ರೋ ನಿಲ್ದಾಣ ದಾಟಿದರೆ ಶಿಮೆನ್‌ಕೌ. ಅದರ ಸಮೀಪದಲ್ಲೇ ಗುವಾಂಗ್‌ಶಿಯಾವೊ ದೇವಾಲಯ. ಊರು ಹುಟ್ಟುವ ಮೊದಲೇ ಈ ಗುಡಿ ಇತ್ತು ಎಂದು ಸ್ಥಳೀಯರು ಗಾದೆ ಕಟ್ಟಿದ್ದಾರೆ. ಅಂಗಳದಲ್ಲಿ ಒಂದು ಬೋಧಿವೃಕ್ಷ. ಆರನೇ ಶತಮಾನದ ಆರಂಭದಲ್ಲಿ ಭಾರತದ ಒಬ್ಬ ಭಿಕ್ಷು ತಂದು ನೆಟ್ಟ ಮರ ಬಿರುಗಾಳಿಗೆ ಬಿದ್ದಮೇಲೆ ಅದರ ಕುಡಿಯಿಂದ ಬೆಳೆಸಿದ್ದು ಎಂಬ ಹೇಳಿಕೆಯಿದೆ. ಉಜ್ಜಯಿನಿಯ ಪರಮಾರ್ಥ ಎಂಬ ಪಂಡಿತ 546ರಲ್ಲಿ ಈ ಕರಾವಳಿಗೆ ಬಂದು, ಯುದ್ಧ ಗಲಭೆಗಳ ನಡುವೆ ಊರೂರು ಅಲೆದು, ಕೊನೆಗೆ ಇದೇ ಊರಿನಲ್ಲಿ ಸಂಸ್ಕೃತ ಗ್ರಂಥಗಳನ್ನು ಚೀನೀ ಭಾಷೆಗೆ ತಂದ. ಮರಳಿ ಹೋಗಬೇಕೆಂದು ಹಡಗು ಹತ್ತಿದರೆ ಗಾಳಿ ಅವನನ್ನು ತಿರುಗಿ ಇಲ್ಲಿಗೇ ತಂದು ಬಿಟ್ಟಿತಂತೆ. 569ರಲ್ಲಿ ಇಲ್ಲೇ ಕಣ್ಣುಮುಚ್ಚಿದ. ಎದುರು ದಿಕ್ಕಿನ ಪಯಣವೂ ಉಂಟು. ಯಿಜಿಂಗ್ ಎಂಬ ಚೀನೀ ಯಾತ್ರಿಕ 671ರಲ್ಲಿ ಈ ಬಂದರಿನಿಂದಲೇ ಹೊರಟು ನಾಲಂದಕ್ಕೆ ಬಂದು ಓದಿದ.

ಹತ್ತಿರದಲ್ಲೇ ಇನ್ನೆರಡು ಗೋಪುರಗಳಿವೆ. ಒಂದು 537ರಲ್ಲಿ ಸ್ಥಾಪನೆಯಾದ ‘ಆರು ಆಲದ ಮರಗಳ ದೇವಾಲಯ’ದ್ದು, 57 ಮೀಟರ್ ಎತ್ತರದ ಚೆಲುವಾದ ಪಗೋಡ. ಇನ್ನೊಂದು ಹುವಾಯ್‌ಶೆಂಗ್ ಮಸೀದಿಯ ಬೆಳ್ಳನೆಯ ಮಿನಾರು, 36 ಮೀಟರ್. ಚೀನಾದ ಅತಿ ಹಳೆಯ ಮಸೀದಿಗಳಲ್ಲಿ ಇದೂ ಒಂದು. ರಾತ್ರಿ ಮಿನಾರಿನ ಮೇಲೆ ದೀಪ ಉರಿಸಿ ಹಡಗುಗಳಿಗೆ ದಾರಿ ತೋರುತ್ತಿದ್ದರಾದ್ದರಿಂದ ‘ಬೆಳಕಿನ ಗೋಪುರ’ ಎಂದೇ ಹೆಸರು. ನಮಾಜಿಗೆ ಕರೆಯುವ ಗೋಪುರವೇ ದೀಪಸ್ತಂಭವೂ ಆಗಿದ್ದದ್ದು ಬಂದರಿನ ಊರಿಗೆ ತಕ್ಕ ಮಾತು.

ಸಂಜೆಗೆ ಯುವೆಶ್ಯು ಉದ್ಯಾನದ ಬಳಿಯ ನಾನ್‌ಯುವೆ ರಾಜನ ಸಮಾಧಿಗೆ ಹೋಗಬಹುದು. 1983ರಲ್ಲಿ ಕಟ್ಟಡವೊಂದಕ್ಕೆ ಅಡಿಪಾಯ ತೋಡುವಾಗ ಸಿಕ್ಕ, ಎರಡು ಸಾವಿರ ವರ್ಷಕ್ಕೂ ಹಿಂದಿನ ಗೋರಿ ಇದು. ರಾಜನ ದೇಹಕ್ಕೆ ತೊಡಿಸಿದ್ದ ಪಚ್ಚೆಕಲ್ಲಿನ ಕವಚದಲ್ಲಿ 2,291 ತುಣುಕುಗಳಿವೆ. ಅದರ ಜೊತೆ ಸಿಕ್ಕಿದ್ದು ಪರ್ಷಿಯಾ ಮಾದರಿಯ ಬೆಳ್ಳಿ ಕರಡಿಗೆ, ಆಫ್ರಿಕಾದ ಆನೆಯ ದಂತ. ಊರಿಗೆ ವ್ಯಾಪಾರದ ರುಚಿ ಹತ್ತಿದ್ದು ಎಂದಿನಿಂದ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಊಟದ ಪ್ರಶ್ನೆ

ಕಾಲಿರುವುದರಲ್ಲಿ ಮೇಜು, ಹಾರುವುದರಲ್ಲಿ ವಿಮಾನ ಬಿಟ್ಟು ಎಲ್ಲವನ್ನೂ ಇಲ್ಲಿಯವರು ತಿನ್ನುತ್ತಾರೆ ಎಂದು ಚೀನೀಯರೇ ನಗೆಯಾಡುತ್ತಾರೆ. ಸಸ್ಯಾಹಾರಿಗಳು ಇದನ್ನು ಕೇಳಿಯೇ ಅವಲಕ್ಕಿ, ಚಟ್ನಿಪುಡಿ ಕಟ್ಟಿಕೊಳ್ಳುತ್ತಾರೆ. ಕಟ್ಟಿಕೊಳ್ಳುವುದೇನೂ ತಪ್ಪಲ್ಲ. ಬರಿ ಸೊಪ್ಪಿನ ಪಲ್ಯದಂತೆ ಕಾಣುವುದಕ್ಕೂ ಹಂದಿಯ ಕೊಬ್ಬು, ಸಿಂಪಿ ಮೀನಿನ ಸಾಸು, ಕೋಳಿಯ ಸಾರು ಬಿದ್ದಿರುವುದುಂಟು. ಆದರೆ ಬೌದ್ಧ ದೇವಾಲಯಗಳ ಆಸುಪಾಸಿನಲ್ಲಿ ಶುದ್ಧ ಸಸ್ಯಾಹಾರದ ಊಟದ ಮನೆಗಳಿವೆ. ಅಲ್ಲಿ ಈರುಳ್ಳಿ ಬೆಳ್ಳುಳ್ಳಿಯನ್ನೂ ಸಾಮಾನ್ಯವಾಗಿ ಮುಟ್ಟುವುದಿಲ್ಲ. ಮಡಿ ಊಟವೆಂದೇ ಹೇಳಬೇಕು. ‘ಙೋ ಸಿಕ್ ಜಾಯ್’ ಎಂದರೆ ‘ನಾನು ಸಸ್ಯಾಹಾರ ತಿನ್ನುತ್ತೇನೆ’ ಎಂದು. ಒಂದನೇ ತರಗತಿಯಲ್ಲಿ ಕಲಿತು ಆಮೇಲೆ ಎಲ್ಲೂ ಬಳಸದ ನಮ್ಮ ‘ಙ’ ಅಕ್ಷರ ಇಲ್ಲಿ ಹೊಟ್ಟೆ ತುಂಬಿಸುತ್ತದೆ. ಗೋಬಿ ಮಂಚೂರಿಯನ್ನು ಮಾತ್ರ ಯಾರೂ ಹುಡುಕಬಾರದು. ಅದು ನಮ್ಮ ದೇಶದಲ್ಲೇ ಹುಟ್ಟಿದ ತಿಂಡಿ.

ಮಾಂಸಾಹಾರಿಗಳಿಗೂ ಸಸ್ಯಾಹಾರಿಗಳಿಗೂ ಒಂದೇ ಸಲಹೆ: ಬೆಳಿಗ್ಗೆ ಏಳು ಗಂಟೆಗೆ ಹಳೆಯ ಚಹಾ ಮನೆಯೊಂದಕ್ಕೆ ಹೋಗಿ ಕೂಡಿ. ಅಜ್ಜ ಅಜ್ಜಿಯರು ಪತ್ರಿಕೆ ಹಿಡಿದು, ಮೊಮ್ಮಕ್ಕಳನ್ನು ಕಟ್ಟಿಕೊಂಡು ಬಂದಿರುತ್ತಾರೆ. ‘ಯಾಮ್ ಚಾ’, ಅಂದರೆ ಚಹಾ ಕುಡಿಯುವುದು, ಎಂದು ಇದಕ್ಕೆ ಹೆಸರು. ಹಬೆಯಲ್ಲಿ ಬೆಂದ ಪುಟ್ಟ ಪುಟ್ಟ ತಿಂಡಿಗಳು ಬಿದಿರಿನ ಬುಟ್ಟಿಯಲ್ಲಿ ಬರುತ್ತವೆ. ನಮ್ಮ ಕಡುಬಿನ ದಾಯಾದಿಗಳು. ಯಾರಾದರೂ ನಿಮ್ಮ ಬಟ್ಟಲಿಗೆ ಚಹಾ ಸುರಿದರೆ ಬೆರಳುಗಳಿಂದ ಮೇಜನ್ನು ಮೆಲ್ಲಗೆ ತಟ್ಟಬೇಕು. ಅದೇ ಧನ್ಯವಾದ. ಬಿಸಿನೀರು ಮುಗಿದರೆ ಕೂಗುವುದು ಬೇಡ, ಕೆಟಲಿನ ಮುಚ್ಚಳವನ್ನು ಓರೆಯಾಗಿ ಇಟ್ಟರಾಯಿತು. ಹುಬ್ಬಳ್ಳಿಯವರು ‘ಚಹಾ’ ಎನ್ನುತ್ತಾರೆ, ಬೆಂಗಳೂರಿನವರು ‘ಟೀ’ ಎನ್ನುತ್ತಾರೆ. ಈ ಊರಿನ ‘ಚಾ’ ಮೊದಲನೆಯದಕ್ಕೆ ನೆಂಟ. ಎರಡನೆಯದು ಇನ್ನೂ ಪೂರ್ವದ ಫ್ಯೂಜಿಯನ್ ಕರಾವಳಿಯ ‘ತೇ’. ಡಚ್ಚರ ಹಡಗಿನಲ್ಲಿ ಯುರೋಪಿಗೆ ಹೋಗಿ, ಇಂಗ್ಲಿಷರ ಬಾಯಿಂದ ನಮಗೆ ಬಂದದ್ದು.

ಎರಡನೆಯ ದಿನ: ಹದಿಮೂರು ಕೋಠಿಗಳು

ಈ ಚಹಾದ ಕತೆಯೇ ಎರಡನೆಯ ದಿನದ ಕತೆ. 1757ರಲ್ಲಿ ಚೀನಾದ ಚಕ್ರವರ್ತಿ ಚಿಯಾನ್‌ಲಾಂಗ್ ಒಂದು ಆಜ್ಞೆ ಹೊರಡಿಸಿದ. ಸಮುದ್ರದ ಮೂಲಕ ಬರುವ ಪಾಶ್ಚಾತ್ಯ ವ್ಯಾಪಾರಿಗಳು ಇನ್ನು ಮೇಲೆ ಕ್ಯಾಂಟನ್ ಒಂದರಲ್ಲೇ ವ್ಯಾಪಾರ ಮಾಡಬೇಕು. ಅಷ್ಟು ದೊಡ್ಡ ದೇಶಕ್ಕೆ ಅವರ ಪಾಲಿಗೆ ಒಂದೇ ಬಾಗಿಲು. ಆ ಬಾಗಿಲಿನಲ್ಲೂ ಊರಿನ ಗೋಡೆಯ ಒಳಗೆ ಬರುವಂತಿಲ್ಲ. ನದಿದಂಡೆಯ ಒಂದು ಕಿರಿದಾದ ಪಟ್ಟಿಯಲ್ಲಿ ಸಾಲಾಗಿ ಕಟ್ಟಿದ ಹದಿಮೂರು ಕೋಠಿಗಳಲ್ಲಿ ಇರಬೇಕು, ವ್ಯಾಪಾರದ ಹಂಗಾಮು ಮುಗಿದೊಡನೆ ಹೊರಡಬೇಕು. ಹೆಂಗಸರನ್ನು ಕರೆತರುವಂತಿಲ್ಲ, ಆಯುಧ ತರುವಂತಿಲ್ಲ. ಅವರಿಗೆ ಚೀನೀ ಭಾಷೆ ಕಲಿಸಿದ ಮೇಷ್ಟರಿಗೂ ಶಿಕ್ಷೆ. ಸರ್ಕಾರದ ಪರವಾನಗಿ ಪಡೆದ ಕೆಲವೇ ಚೀನೀ ಸಾಹುಕಾರರೊಡನೆ ಮಾತ್ರ ಕೊಡುಕೊಳೆ. ಅವರಲ್ಲಿ ಹೌಕ್ವಾ ಎಂದು ಹೆಸರಾದ ವು ಬಿಂಗ್‌ಜಿಯಾನ್ ಆ ಕಾಲದ ಜಗತ್ತಿನ ಅತಿ ದೊಡ್ಡ ಶ್ರೀಮಂತರಲ್ಲಿ ಒಬ್ಬ.

ಇಂಗ್ಲಿಷರಿಗೆ ಚಹಾ ಬೇಕು. ಚೀನಾಕ್ಕೆ ಇಂಗ್ಲಿಷರ ಸರಕು ಅಷ್ಟಾಗಿ ಬೇಡ, ಬೆಳ್ಳಿ ಬೇಕು. ಬೆಳ್ಳಿ ಉಳಿಸಲು ಈಸ್ಟ್ ಇಂಡಿಯಾ ಕಂಪನಿಗೆ ಭಾರತ ನೆನಪಾಯಿತು. ಮೊದಮೊದಲು ಹೋದದ್ದು ಮುಂಬಯಿಯ ಹತ್ತಿ. ಮೈಸೂರು ಸೀಮೆಯ ಶ್ರೀಗಂಧವೂ ಪಶ್ಚಿಮ ಕರಾವಳಿಯ ಬಂದರುಗಳಿಂದ ಹೊರಟು ಕ್ಯಾಂಟನ್ನಿನ ಮಾರುಕಟ್ಟೆಗೆ ಹೋಗುತ್ತಿತ್ತು. ನಮ್ಮ ಕಾಡಿನ ಗಂಧ ಅಲ್ಲಿನ ಗುಡಿಗಳಲ್ಲಿ ಧೂಪವಾಗುತ್ತಿತ್ತು. ಇದೆಲ್ಲ ಸಾಲದಾದಾಗ ಹೋದದ್ದು ಅಫೀಮು. ನಾವು ಪಾಯಸ ಮಾಡುವ ಗಸಗಸೆಯ ಗಿಡದ ಹಾಲೇ ಇದು. ಬಿಹಾರ, ಬನಾರಸ್ ಕಡೆಯ ರೈತರಿಂದ ಕಂಪನಿ ಅದನ್ನು ಬೆಳೆಸಿ, ಕಲ್ಕತ್ತದಲ್ಲಿ ಹರಾಜು ಹಾಕುತ್ತಿತ್ತು. ಚೀನಾದಲ್ಲಿ ಅದು ನಿಷೇಧಿತ ಸರಕಾದ್ದರಿಂದ ತನ್ನ ಹಡಗಿನಲ್ಲಿ ಸಾಗಿಸದೆ ಖಾಸಗಿ ವ್ಯಾಪಾರಿಗಳ ಕೈಗೆ ಬಿಡುತ್ತಿತ್ತು. ಮಾಳವದ ಅಫೀಮು ಮುಂಬಯಿಯಿಂದ ಹೋಗುತ್ತಿತ್ತು. ಅದರಲ್ಲಿ ಗಳಿಸಿದವರು ಇಂಗ್ಲಿಷರಷ್ಟೇ ಅಲ್ಲ, ಮುಂಬಯಿಯ ಪಾರ್ಸಿ ಮತ್ತಿತರ ವರ್ತಕರೂ ಗಳಿಸಿದರು. ದಾನಧರ್ಮಗಳಿಗೆ ಹೆಸರಾದ ಜಮ್‌ಶೆಟ್‌ಜಿ ಜೀಜೀಭಾಯಿಯವರ ಸಂಪತ್ತಿನ ಮೂಲದಲ್ಲೂ ಚೀನಾ ವ್ಯಾಪಾರವಿತ್ತು, ಅಫೀಮೂ ಇತ್ತು. ಕ್ಯಾಂಟನ್ನಿನಲ್ಲಿ ತೀರಿಕೊಂಡ ಪಾರ್ಸಿಗಳ ಗೋರಿಗಳು ನದಿಯ ಕೆಳಭಾಗದ ಛಾಂಗ್‌ಝೌ ದ್ವೀಪದ ಗುಡ್ಡದಲ್ಲಿವೆ.

1839ರಲ್ಲಿ ಲಿನ್ ಝೆಶ್ಯು ಎಂಬ ನಿಷ್ಠಾವಂತ ಅಧಿಕಾರಿ ಚಕ್ರವರ್ತಿಯ ಪ್ರತಿನಿಧಿಯಾಗಿ ಇಲ್ಲಿಗೆ ಬಂದ. ಕೋಠಿಗಳಿಗೆ ದಿಗ್ಬಂಧನ ಹಾಕಿ 20 ಸಾವಿರಕ್ಕೂ ಹೆಚ್ಚು ಪೆಟ್ಟಿಗೆ ಅಫೀಮನ್ನು ವಶಪಡಿಸಿಕೊಂಡ. ನದೀಮುಖದ ಹುಮೆನ್ ಎಂಬಲ್ಲಿ ಹೊಂಡ ತೋಡಿಸಿ, ಉಪ್ಪು ಸುಣ್ಣ ಬೆರೆಸಿ, ಮೂರು ವಾರಕ್ಕೂ ಮೀರಿ ಅದನ್ನು ಕರಗಿಸಿ ಸಮುದ್ರಕ್ಕೆ ಬಿಡಿಸಿದ. ಇಂಥ ಹೊಲಸನ್ನು ನಿನ್ನ ನೀರಿಗೆ ಬಿಡುತ್ತಿದ್ದೇನೆ ಎಂದು ಮೊದಲೇ ಸಮುದ್ರದೇವತೆಗೆ ಪೂಜೆ ಸಲ್ಲಿಸಿ ನಿವೇದಿಸಿಕೊಂಡ. ಇಂಗ್ಲೆಂಡ್ ಯುದ್ಧ ಸಾರಿತು. 1842ರ ನಾನ್‌ಜಿಂಗ್ ಒಪ್ಪಂದದಲ್ಲಿ ಚೀನಾ ಐದು ಬಂದರುಗಳನ್ನು ತೆರೆಯಬೇಕಾಯಿತು, ಹಾಂಗ್‌ಕಾಂಗನ್ನು ಬಿಟ್ಟುಕೊಡಬೇಕಾಯಿತು.

ಕೋಠಿಗಳು 1856ರಲ್ಲಿ ಬೆಂಕಿಗೆ ಆಹುತಿಯಾದವು. ಆ ಜಾಗದ ಸಾಂಸ್ಕೃತಿಕ ಉದ್ಯಾನದಲ್ಲಿ ಈಗ ಒಂದು ವಸ್ತುಸಂಗ್ರಹಾಲಯವಿದೆ. ಪಕ್ಕದ ಬೀದಿಗೆ ಇಂದಿಗೂ ‘ಹದಿಮೂರು ಕೋಠಿಗಳ ರಸ್ತೆ’ ಎಂದೇ ಹೆಸರು. ಸಿದ್ಧಉಡುಪುಗಳ ಸಗಟು ಮಾರುಕಟ್ಟೆ ಅದು. ಬೆಳಗಿನ ಜಾವಕ್ಕೇ ಮೂಟೆ ಹೊತ್ತ ಕೂಲಿಗಳು ನಮ್ಮ ಚಿಕ್ಕಪೇಟೆಯನ್ನು ನೆನಪಿಗೆ ತರುತ್ತಾರೆ.

ಅಲ್ಲಿಂದ ನಡೆಯುವಷ್ಟು ದೂರದಲ್ಲಿ ಷಾಮಿಯಾನ್ ದ್ವೀಪ. ಎರಡನೆಯ ಅಫೀಮು ಯುದ್ಧದ ನಂತರ ಇಂಗ್ಲಿಷರೂ ಫ್ರೆಂಚರೂ ಪಡೆದುಕೊಂಡ ತುಂಡು ನೆಲ. ಸುತ್ತ ಕಾಲುವೆ, ಒಳಗೆ ಆಲದ ಸಾಲು, ಕಂಬಗಳ ಮೊಗಸಾಲೆಯ ಬಂಗಲೆಗಳು. ಮದುವೆಯ ಫೋಟೋ ತೆಗೆಸಿಕೊಳ್ಳುವ ಜೋಡಿಗಳು ಬೆಳಗಿನಿಂದ ಸಂಜೆಯವರೆಗೆ ಇರುತ್ತಾರೆ. ಕಾಲುವೆಯ ಆಚೆ ದಡದ ರಸ್ತೆಗೆ ಮಾತ್ರ ಅಂಕಿಗಳದ್ದೇ ಹೆಸರು: ಆರು-ಎರಡು-ಮೂರು. 1925ರ ಜೂನ್ 23ರಂದು ದ್ವೀಪದ ಕಡೆಯಿಂದ ವಿದೇಶೀ ಸೈನಿಕರು ಮೆರವಣಿಗೆಯ ಮೇಲೆ ಗುಂಡು ಹಾರಿಸಿ ಐವತ್ತಕ್ಕೂ ಹೆಚ್ಚು ಮಂದಿ ಸತ್ತ ದಿನದ ನೆನಪು ಅದು.

ಇನ್ನೂ ಪೂರ್ವಕ್ಕೆ ಹೋದರೆ 1863ರಿಂದ 1888ರವರೆಗೆ ಕಟ್ಟಿದ ಕಲ್ಲಿನ ಇಗರ್ಜಿ. ಇಡೀ ಕಟ್ಟಡ ಗ್ರಾನೈಟ್. ಅದು ನಿಂತಿರುವುದು ಯೇ ಮಿಂಗ್‌ಚೆನ್ ಎಂಬ ಚೀನೀ ವೈಸರಾಯನ ಕಚೇರಿಯಿದ್ದ ನೆಲದ ಮೇಲೆ. 1858ರ ಜನವರಿಯಲ್ಲಿ ಇಂಗ್ಲಿಷರು ಅವನನ್ನು ಸೆರೆಹಿಡಿದು ಹಡಗಿನಲ್ಲಿ ಕಲ್ಕತ್ತಕ್ಕೆ ಒಯ್ದರು. ಮರುವರ್ಷ ಅವನು ಅಲ್ಲೇ ತೀರಿಕೊಂಡ. ಅವನು ಸೆರೆಯಾದ 1858ರಲ್ಲೇ ಬಹದ್ದೂರ್ ಷಾ ಜಫರನನ್ನು ಇಂಗ್ಲಿಷರು ರಂಗೂನಿಗೆ ಸಾಗಿಸಿದ್ದರು ಎಂಬುದನ್ನು ಇಲ್ಲಿ ನೆನೆಯಬಹುದು.

ಸಾನ್‌ಯುವಾನ್‌ಲಿಯ ಗುಡಿ

ಪ್ರವಾಸಿಗರ ಕೈಪಿಡಿಗಳಲ್ಲಿ ಒಂದೆರಡು ಸಾಲಿಗೆ ಮುಗಿಯುವ ಜಾಗ ಸಾನ್‌ಯುವಾನ್‌ಲಿ. ಭಾರತೀಯರು ಬಿಡಬಾರದ ಜಾಗ. ಮೆಟ್ರೋ ಎರಡನೆಯ ಮಾರ್ಗದಲ್ಲಿ ಇದೇ ಹೆಸರಿನ ನಿಲ್ದಾಣವಿದೆ. ಅಂದು ಊರ ಹೊರಗಿನ ಹಳ್ಳಿ. 1841ರ ಮೇ ಕೊನೆಯಲ್ಲಿ ಬ್ರಿಟಿಷ್ ಸೈನ್ಯ ಕ್ಯಾಂಟನ್ನಿನ ಉತ್ತರದ ಗುಡ್ಡಗಳಲ್ಲಿ ಬೀಡುಬಿಟ್ಟಿತ್ತು. ಮನೆಗಳ ಲೂಟಿ, ಗೋರಿಗಳನ್ನು ಅಗೆದದ್ದು ಇವುಗಳಿಂದ ರೊಚ್ಚಿಗೆದ್ದ ಹಳ್ಳಿಗರು ಗುದ್ದಲಿ, ಈಟಿ, ಕತ್ತಿ ಹಿಡಿದು ಸಾವಿರಗಟ್ಟಲೆ ನೆರೆದರು. ಅಷ್ಟರಲ್ಲಿ ಗುಡುಗು ಸಹಿತ ಭಾರಿ ಮಳೆ. ಗದ್ದೆಯ ಬದುಗಳು ಮುಚ್ಚಿಹೋಗಿ, ಒಂದು ತುಕಡಿ ದಾರಿ ತಪ್ಪಿ ಜನರ ನಡುವೆ ಸಿಕ್ಕಿಕೊಂಡಿತು. ಮದ್ದು ನೆನೆದು ಬಂದೂಕು ಹಾರಲಿಲ್ಲ. ಆ ತುಕಡಿ ಯಾರದು? ಮದ್ರಾಸ್ ಸೈನ್ಯದ 37ನೇ ದೇಶೀ ಪದಾತಿ ದಳದ್ದು. ನಮ್ಮ ದಕ್ಷಿಣದ ಸಿಪಾಯಿಗಳು.

ಹಳ್ಳಿಗರು ಸೇರಿ ಪ್ರತಿಜ್ಞೆ ಮಾಡಿದ ಹಳೆಯ ಗುಡಿ ಈಗ ಸ್ಮಾರಕ. ಅವರು ಹಿಡಿದ ಆಯುಧಗಳನ್ನು ಅಲ್ಲಿ ಇಟ್ಟಿದ್ದಾರೆ. ಚೀನೀ ಶಾಲಾಪುಸ್ತಕಗಳಲ್ಲಿ ಇದು ವಿದೇಶೀಯರ ವಿರುದ್ಧ ಜನ ಎದ್ದು ನಿಂತ ಮೊದಲ ಘಟನೆಗಳಲ್ಲಿ ಒಂದು. ನಮ್ಮ ಶಾಲಾಪುಸ್ತಕಗಳಲ್ಲಿ ಇದರ ಸುಳಿವೂ ಸಾಮಾನ್ಯವಾಗಿ ಇರುವುದಿಲ್ಲ. ಅಫೀಮು ಬೆಳೆದ ಬಿಹಾರದ ರೈತನೂ ಸ್ವತಂತ್ರನಲ್ಲ, ಮಳೆಯಲ್ಲಿ ನೆನೆದ ಮದ್ರಾಸಿನ ಸಿಪಾಯಿಯೂ ಸ್ವತಂತ್ರನಲ್ಲ, ನಿಜ. ಆದರೆ ಆ ಹಳ್ಳಿಯವನ ಕಣ್ಣಿಗೆ ತನ್ನ ಗದ್ದೆಯಲ್ಲಿ ನಿಂತವನು ಯಾರೆಂದು ಕಂಡಿರಬೇಕು? ಚೀನಾದೊಡನೆ ನಮ್ಮ ಮನಸ್ತಾಪಗಳನ್ನು 1962ರಿಂದ ಎಣಿಸುವುದು ನಮ್ಮ ರೂಢಿ. ಅದಕ್ಕೂ ಹಿಂದಿನ ಪುಟವೊಂದಿದೆ ಎಂದು ಈ ಸಣ್ಣ ಗುಡಿ ನೆನಪಿಸುತ್ತದೆ.

ಹೊರಗೆ ಬಂದರೆ ಚರ್ಮದ ಚೀಲಗಳ ಸಗಟು ಮಳಿಗೆಗಳು. ಆಫ್ರಿಕಾ, ಅರಬ್ ದೇಶಗಳ ವ್ಯಾಪಾರಿಗಳ ನಡುವೆ ಕ್ಯಾಲ್ಕ್ಯುಲೇಟರಿನಲ್ಲಿ ಅಂಕಿ ಒತ್ತಿ ತೋರಿಸಿ ಚೌಕಾಸಿ ಮಾಡುವ ನಮ್ಮವರೂ ಕಾಣಸಿಗುತ್ತಾರೆ.

ಮೂರನೆಯ ದಿನ: ಮೇಳದ ಊರು

ಇಂದಿನ ಕ್ಯಾಂಟನ್ ನೋಡಬೇಕಾದರೆ ಪೂರ್ವಕ್ಕೆ ಹೋಗಬೇಕು. 600 ಮೀಟರ್ ಎತ್ತರದ ಕ್ಯಾಂಟನ್ ಗೋಪುರ 2010ರ ಏಷ್ಯನ್ ಕ್ರೀಡಾಕೂಟದ ಕಾಲದ್ದು. ನಡುವೆ ಹಿಂಡಿದಂತಿರುವುದರಿಂದ ಜನ ಅದನ್ನು ‘ತೆಳುಸೊಂಟದವಳು’ ಎನ್ನುತ್ತಾರೆ. ನದಿಯ ಆಚೆ ವಾಸ್ತುಶಿಲ್ಪಿ ಝಾಹಾ ಹದೀದ್ ರೂಪಿಸಿದ ಸಂಗೀತ ನಾಟಕಶಾಲೆ, ಹೊಳೆಯಲ್ಲಿ ಸವೆದ ಎರಡು ಬಂಡೆಗಳಂತೆ ಬಿದ್ದುಕೊಂಡಿದೆ. ರಾತ್ರಿ ನದಿಯಲ್ಲಿ ದೀಪಾಲಂಕಾರದ ದೋಣಿಗಳಿವೆ. ಅಷ್ಟು ಹಣ ಬೇಡವೆನ್ನುವವರು ಊರಿನ ಜನ ದಾಟುವ ಸಾಧಾರಣ ದೋಣಿ ಹತ್ತಿದರೂ ನದಿ ಅದೇ.

ಪಝೌ ಎಂಬಲ್ಲಿ ಪ್ರಸಿದ್ಧ ಕ್ಯಾಂಟನ್ ಮೇಳ ನಡೆಯುತ್ತದೆ. 1957ರಲ್ಲಿ, ಹೊರಜಗತ್ತಿನ ಬಹುಭಾಗ ಚೀನಾಕ್ಕೆ ಬೆನ್ನು ಮಾಡಿದ್ದಾಗ, ವಿದೇಶೀ ವಿನಿಮಯ ಗಳಿಸಲೆಂದು ಆರಂಭಿಸಿದ ಮೇಳ ಇದು. ಅದಕ್ಕೆ ಆರಿಸಿದ್ದು ಹಳೆಯ ಬಾಗಿಲಿನ ಊರನ್ನೇ. ಏಪ್ರಿಲ್ 15 ಮತ್ತು ಅಕ್ಟೋಬರ್ 15ರ ಸುಮಾರಿಗೆ ಶುರುವಾಗಿ ಮೂರು ಹಂತಗಳಲ್ಲಿ ನಡೆಯುತ್ತದೆ. ಯಂತ್ರ, ಮನೆಸಾಮಾನು, ಬಟ್ಟೆ ಹೀಗೆ ಒಂದೊಂದು ಹಂತಕ್ಕೆ ಒಂದೊಂದು ಬಗೆಯ ಸರಕು. ತಮ್ಮ ಸರಕು ಯಾವ ಹಂತದಲ್ಲಿದೆ ಎಂದು ನೋಡಿಕೊಂಡೇ ಟಿಕೆಟ್ ಮಾಡಿಸಬೇಕು. ಮೇಳದ ದಿನಗಳಲ್ಲಿ ಹೋಟೆಲ್ ದರ ಏರುತ್ತದೆ. ಬರಿ ಊರು ನೋಡುವವರು ಆ ದಿನಗಳನ್ನು ತಪ್ಪಿಸುವುದು ಮೇಲು.

ಕೆಲವು ಕಿವಿಮಾತು. ಅಂಗಡಿಯಿಂದ ತಳ್ಳುಗಾಡಿಯವರೆಗೆ ಎಲ್ಲರೂ ಮೊಬೈಲಿನಲ್ಲೇ ಹಣ ಪಡೆಯುತ್ತಾರೆ. 2023ರಿಂದ ವಿದೇಶೀ ಕಾರ್ಡುಗಳನ್ನೂ ಅಲಿಪೇ, ವೀಚಾಟ್‌ಗಳಿಗೆ ಜೋಡಿಸಲು ಅವಕಾಶವಾಗಿದೆ. ಇಲ್ಲಿಂದ ಹೊರಡುವ ಮುನ್ನವೇ ಜೋಡಿಸಿಕೊಳ್ಳಿ. ಗೂಗಲ್, ವಾಟ್ಸಪ್ ಅಲ್ಲಿನ ಸಾಮಾನ್ಯ ಸಂಪರ್ಕದಲ್ಲಿ ನಡೆಯುವುದಿಲ್ಲ. ಹೋಟೆಲಿನ ವಿಳಾಸ ಚೀನೀ ಲಿಪಿಯಲ್ಲಿ ಜೇಬಿನಲ್ಲಿರಲಿ. ಪಾಸ್‌ಪೋರ್ಟ್ ಸದಾ ಬಳಿಯಲ್ಲಿರಲಿ, ವಸ್ತುಸಂಗ್ರಹಾಲಯದ ಬಾಗಿಲಿನಲ್ಲೂ ಕೇಳುವುದುಂಟು.

ಹಡಗು ತಪ್ಪಿಸಿಕೊಂಡವನು

ಹೊರಡುವ ಮುನ್ನ ಅರ್ಧ ದಿನ ಉಳಿದರೆ ಮೆಟ್ರೋ 13ನೇ ಮಾರ್ಗದಲ್ಲಿ ಹುವಾಂಗ್‌ಪು ಕಡೆಗೆ ಹೋಗಿ. ‘ದಕ್ಷಿಣ ಸಮುದ್ರದೇವರ ಗುಡಿ’ ಎಂದೇ ನಿಲ್ದಾಣದ ಹೆಸರು. 594ರಲ್ಲಿ ಚಕ್ರವರ್ತಿಯ ಆಜ್ಞೆಯಿಂದ ಸ್ಥಾಪಿತವಾದ ಗುಡಿ. ದೂರದ ಪಯಣಕ್ಕೆ ಹೊರಡುವ ನಾವಿಕರು ಇಲ್ಲಿ ಕೈಮುಗಿದು ಪಟ ಬಿಚ್ಚುತ್ತಿದ್ದರು. ಆಗ ನೀರು ಮೆಟ್ಟಿಲಿನವರೆಗೆ ಬರುತ್ತಿತ್ತು. ಈಗ ನದಿ ಹೂಳು ತುಂಬಿ ದೂರ ಸರಿದಿದೆ. ಬಂದರೂ ಸಮುದ್ರದತ್ತ ಇಳಿಯುತ್ತಾ ನಾನ್‌ಷಾದವರೆಗೆ ಹೋಗಿದೆ. ಅಲ್ಲಿ 2022ರಲ್ಲಿ ಆರಂಭವಾದ ಹೊಸ ಧಕ್ಕೆಯಲ್ಲಿ ಚಾಲಕರಿಲ್ಲದ ಗಾಡಿಗಳೇ ಕಂಟೈನರುಗಳನ್ನು ಸಾಗಿಸುತ್ತವೆ. ಕಂಟೈನರ್ ವಹಿವಾಟಿನಲ್ಲಿ ಗುವಾಂಗ್‌ಝೌ ಜಗತ್ತಿನ ಮೊದಲ ಹತ್ತು ಬಂದರುಗಳಲ್ಲಿ ಒಂದು.

ಗುಡಿಯೊಳಗೆ ಒಬ್ಬ ಪರದೇಶಿಯ ವಿಗ್ರಹವಿದೆ. ಕಪ್ಪು ಮೈಬಣ್ಣ, ಮೈಮೇಲೆ ಚೀನೀ ಅಧಿಕಾರಿಯ ಪೋಷಾಕು, ಒಂದು ಕೈ ಹಣೆಗೆ ಅಡ್ಡ. ಟಾಂಗ್ ವಂಶದ ಕಾಲದಲ್ಲಿ ದೂರದೇಶದಿಂದ ಬಂದವನೀತ. ಮಗಧದವನೆಂದು ಒಂದು ಐತಿಹ್ಯ. ತಂದಿದ್ದ ಹಲಸಿನ ಬೀಜಗಳನ್ನು ಗುಡಿಯಂಗಳದಲ್ಲಿ ನೆಡುತ್ತಾ ಮೈಮರೆತ. ಅಷ್ಟರಲ್ಲಿ ಗಾಳಿ ತಿರುಗಿ ಹಡಗು ಹೊರಟುಹೋಯಿತು. ದಿನವೂ ದಡದಲ್ಲಿ ನಿಂತು ಹಣೆಗೆ ಕೈಯಿಟ್ಟು ಸಮುದ್ರ ನೋಡುತ್ತಾ ಅಲ್ಲೇ ಪ್ರಾಣ ಬಿಟ್ಟ. ಊರವರು ಅವನಿಗೆ ತಮ್ಮ ಬಟ್ಟೆ ಉಡಿಸಿ, ತಮ್ಮ ದೇವರ ಪರಿವಾರದಲ್ಲಿ ಜಾಗ ಕೊಟ್ಟರು. ಗುಡಿಗೆ ‘ಹಲಸಿನ ಗುಡಿ’ ಎಂದೇ ಆಡುಮಾತಿನ ಹೆಸರು ಬಿತ್ತು. ಹಲಸಿಗೆ ಚೀನೀಯರು ಹೇಳುವ ‘ಪೊಲೊಮಿ’ ಎಂಬ ಮಾತು ನಮ್ಮ ‘ಪಾರಮಿತಾ’ ಶಬ್ದವನ್ನು ಬರೆಯಲು ಅವರು ಬಳಸುವ ಅಕ್ಷರಗಳೇ. ಚಾಂದ್ರಮಾನದ ಎರಡನೆಯ ತಿಂಗಳಲ್ಲಿ ಮೂರು ದಿನ ಇಲ್ಲಿ ದೊಡ್ಡ ಜಾತ್ರೆ.

ಭಾರತದಿಂದ ಹೋದವರಲ್ಲಿ ಪಂಡಿತರಿದ್ದರು, ಸಾಹುಕಾರರಿದ್ದರು, ಸಿಪಾಯಿಗಳಿದ್ದರು. ಕ್ಯಾಂಟನ್ನಿನ ಸಾಮಾನ್ಯ ಜನ ತಮ್ಮವನೆಂದು ಜಾತ್ರೆ ಮಾಡುವುದು ಬೀಜ ನೆಟ್ಟು ಹಡಗು ತಪ್ಪಿಸಿಕೊಂಡ ಈ ಒಬ್ಬನಿಗೆ. ಅಂಗಳದಲ್ಲಿ ಹಲಸಿನ ಮರಗಳು ಈಗಲೂ ಇವೆ. ಎಲೆ ನೋಡಿದರೆ ಸಾಕು, ಕನ್ನಡಿಗನಿಗೆ ಯಾರೂ ಗುರುತು ಹೇಳಬೇಕಾಗಿಲ್ಲ.